ಶಿವಮೊಗ್ಗ ಕಡೆ ಸ್ವಂತ ಹಾಡು ಹಾಡುವವರ ಕಾರ್ಯಕ್ರಮ ಎಲ್ಲಿ, ಯಾವಾಗ ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ?

ತುಂಗೆ_ದಡ:
ಸಿನಿಮಾ ಹಾಡಲ್ಲ, ಆರ್ಕೆಸ್ಟ್ರಾನೂ ಅಲ್ಲ. ತಾವೇ ಬರೆದು, ತಾವೇ ರಾಗ ಹಾಕಿ ಹಾಡುವವರ ಬಗ್ಗೆ ಕೇಳುತ್ತಿದ್ದೇನೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಅಂಥ ಹುಡುಗರು, ಹುಡುಗಿಯರು ಇದ್ದಾರೆ. ಆದರೆ ಅವರು ಹಾಡಿದ್ದು ನನಗೆ ಗೊತ್ತಾಗುವುದು ಮರುದಿನ, ಯಾರದೋ ವಾಟ್ಸಾಪ್ ಸ್ಟೇಟಸ್‌ನಲ್ಲಿ. 'ನಿನ್ನೆ ಸಂಜೆ ಸಕತ್ತಾಗಿತ್ತು' ಅಂತ ಹದಿನೈದು ಸೆಕೆಂಡಿನ ವಿಡಿಯೊ.

ಬೆಂಗಳೂರಿನಲ್ಲಾದರೆ ರಘು ದೀಕ್ಷಿತ್, ಸ್ವರಾತ್ಮ ತರದವರ ಕಾರ್ಯಕ್ರಮಕ್ಕೆ ತಿಂಗಳ ಮುಂಚೆಯೇ ಟಿಕೆಟ್ ಸಿಗುತ್ತದೆ. ಹೋಗಿದ್ದೇನೆ ಕೂಡ. ಆದರೆ ಜನಶತಾಬ್ದಿ ಸಂಜೆಯೇ ಬೆಂಗಳೂರು ಬಿಡುತ್ತದೆ, ಕಾರ್ಯಕ್ರಮ ಶುರುವಾಗುವುದೇ ಆಮೇಲೆ. ಮತ್ತೆ ರಾತ್ರಿ ತಾಳಗುಪ್ಪ ರೈಲು ಹಿಡಿದು, ನಿದ್ದೆಗೆಟ್ಟು ಬೆಳಗ್ಗೆ ಕೆಲಸಕ್ಕೆ ಹೋಗಬೇಕು. ನಮ್ಮೂರಿನದನ್ನೇ ಕೇಳೋಣ ಅಂದರೆ ಸುದ್ದಿಯೇ ಸಿಗುವುದಿಲ್ಲ. ನೀವೆಲ್ಲ ಏನು ಮಾಡುತ್ತೀರಿ?

ದುರ್ಗಿಗುಡಿ_ಕಾಫಿ:
ಕಾರ್ಯಕ್ರಮ ನಡೆದರೆ ತಾನೇ ಸುದ್ದಿ ಬರುವುದು!

ಭದ್ರಾವತಿ_ಬಾಸ್:
ನಡೆಯುತ್ತವೆ ಸಾರ್. ನಿಮ್ಮ ಕಿವಿಗೆ ಬೀಳುತ್ತಿಲ್ಲ ಅಷ್ಟೇ.

ತುಂಗೆ_ದಡ ಅವರಿಗೆ ಒಂದು ಉಪಾಯ ಹೇಳುತ್ತೇನೆ. ಹಾಡುವವರನ್ನು ಫಾಲೋ ಮಾಡಬೇಡಿ. ಅವರು ಪೋಸ್ಟರ್ ಹಾಕುವುದೇ ಆ ದಿನ ಮಧ್ಯಾಹ್ನ, ಅದೂ ಫಾಂಟ್ ಸರಿ ಬಂದರೆ. ಸೌಂಡ್ಸ್‌ನವರ ನಂಬರ್ ಇಟ್ಟುಕೊಳ್ಳಿ. ಮೈಕ್ ಬುಕ್ ಆಗದೆ ಯಾವ ಕಾರ್ಯಕ್ರಮವೂ ಆಗುವುದಿಲ್ಲ. ಯಾವ ಊರು, ಯಾವ ಸಭಾಂಗಣ, ಎಷ್ಟು ಹೊತ್ತಿಗೆ, ಎಲ್ಲ ಅವರಿಗೆ ಮೊದಲೇ ಗೊತ್ತಿರುತ್ತದೆ.

ಎರಡನೆಯದು ನಾಟಕದವರು. ನಮ್ಮ ಕಡೆ ಹೊಸ ನಾಟಕಕ್ಕೆ ಸಂಗೀತ ಮಾಡುವವರೂ ಸ್ವಂತ ಹಾಡು ಕಟ್ಟುವವರೂ ಮುಕ್ಕಾಲು ಪಾಲು ಒಬ್ಬರೇ. ನಾಟಕ ಮುಗಿದ ಮೇಲೆ ಹಿಂದೆ ಹೋಗಿ ಹಾರ್ಮೋನಿಯಂ ಕಟ್ಟಿಡುತ್ತಿರುವವರ ಹತ್ತಿರ ಮಾತಾಡಿ. ಮುಂದಿನ ಎರಡು ತಿಂಗಳ ಪಟ್ಟಿ ಬಾಯಲ್ಲೇ ಸಿಗುತ್ತದೆ.

ಸೌಂಡ್ಸ್_ಅಣ್ಣ:
ಓಹೋ. ನನ್ನ ಸ್ಟೇಟಸ್ ಯಾಕೆ ಅಷ್ಟು ಜನ ನೋಡುತ್ತಾರೆ ಅಂತ ಈಗ ಗೊತ್ತಾಯಿತು. ಬಾಕ್ಸ್ ಇಳಿಸುವಾಗ ಒಬ್ಬರೂ ಕೈ ಹಾಕುವುದಿಲ್ಲ!

ಹಳೇ_ಕೀಬೋರ್ಡ್:
'ಆರ್ಕೆಸ್ಟ್ರಾನೂ ಅಲ್ಲ' ಅಂದಿರಲ್ಲ, ಅದಕ್ಕೆ ಒಂದು ಮಾತು.

ಗಣಪತಿ ಪೆಂಡಾಲು, ಮಾರಿಜಾತ್ರೆ, ರಾಜ್ಯೋತ್ಸವ ಅಂತ ಈ ಜಿಲ್ಲೆಯಲ್ಲಿ ಜನ ನೇರವಾಗಿ ಸಂಗೀತ ಕೇಳಿದ್ದು ರಸಮಂಜರಿಯಲ್ಲಿ. ಈಗ ನೀವು ಮೆಚ್ಚುವ ಗಿಟಾರ್‌ನವರು, ಪ್ಯಾಡ್ ಬಾರಿಸುವವರು, ಅರ್ಧ ಜನ ಅಲ್ಲೇ ಕೈ ಪಳಗಿಸಿಕೊಂಡವರು. ಶ್ರುತಿ ಬದಲಾಯಿಸು ಅಂದರೆ ಹಾಡಿನ ನಡುವೆಯೇ ಬದಲಾಯಿಸುತ್ತಾರೆ. ಮಳೆ ಬಂದು ಅರ್ಧ ಲೈನ್ ಸತ್ತರೂ ಹಾಡು ನಿಲ್ಲಿಸುವುದಿಲ್ಲ.

ನಾವೂ ಸ್ವಂತ ಹಾಡು ಹಾಡಿ ನೋಡಿದ್ದೇವೆ. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಕೆಳಗಿನಿಂದ ಚೀಟಿ ಬರುತ್ತದೆ, ಜೊತೆಗೆ ನೂರರ ನೋಟು. ಚೀಟಿಯಲ್ಲಿ ಯಾವ ಹೀರೋ ಹಾಡು ಅಂತ ಬರೆದಿರುತ್ತಾರೆ. ಆಗ ನೀವು ಏನು ಮಾಡುತ್ತೀರಿ?

ತುಂಗೆ_ದಡ:
ಕೀಳು ಅಂತ ಹೇಳಲಿಲ್ಲ ಸಾರ್, ಬೇರೆ ಅಂದೆ. ಆದರೆ ಚೀಟಿ ಬಂದ ಕೂಡಲೇ ಸ್ವಂತ ಹಾಡು ನಿಲ್ಲಿಸಿದ್ದು ಯಾರು? ಜನರಾ, ನೀವಾ?

ಹಳೇ_ಕೀಬೋರ್ಡ್:
ಸಂಭಾವನೆ ಕೊಡುವ ಕಮಿಟಿ.

ದುರ್ಗಿಗುಡಿ_ಕಾಫಿ:
ಇದು ಸರಿಯಾದ ಉತ್ತರ.

ತೀರ್ಥಳ್ಳಿ_ಮಳೆ:
ಎಂಥದು ಮಾರಾಯ್ರೆ, ಸ್ವಂತ ಹಾಡು ಅಂದರೆ ನಿನ್ನೆ ಮೊನ್ನೆ ಶುರುವಾದ ಹಾಗೆ ಮಾತಾಡುತ್ತೀರಿ. ಭಾವಗೀತೆ ಏನು ಮತ್ತೆ? ಸಿನಿಮಾದ ಹಂಗಿಲ್ಲದೆ ಕವಿತೆ ಹಿಡಿದು ರಾಗ ಹಾಕಿ ಊರೂರಿಗೆ ಹೋಗಿ ಹಾಡಿದರಲ್ಲ. ನಿಸಾರ್ ಅಹಮದ್ ನಮ್ಮ ಸಹ್ಯಾದ್ರಿ ಕಾಲೇಜಿನಲ್ಲೇ ಪಾಠ ಮಾಡಿದವರು. ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ಕ್ಯಾಸೆಟ್ 1978ರಲ್ಲಿ ಬಂತು, ಮನೆಮನೆಯಲ್ಲಿ ಓಡಿತು. ಅದಕ್ಕೆ ಯಾವ ಹೀರೋ ಬೇಕಿತ್ತು? ಶಿವಮೊಗ್ಗ ಪೇಟೆಯಲ್ಲೇ ಹುಟ್ಟಿದ ಗಾಯಕ ಸುಬ್ಬಣ್ಣನವರು ರಾಷ್ಟ್ರ ಪ್ರಶಸ್ತಿ ತಂದರು.

ಹೊಸನಗರ_ಬಸ್ಸು:
ಪೇಟೆಯಲ್ಲಿ ಅಲ್ಲ ಸ್ವಾಮಿ. ಸುಬ್ಬಣ್ಣ ನಮ್ಮ ಹೊಸನಗರ ತಾಲೂಕಿನ ನಗರದವರು. ಹೆಸರಿನ ಹಿಂದೆ ಶಿವಮೊಗ್ಗ ಬಂತು ಅಷ್ಟೇ. ಮತ್ತೆ ಆ ಪ್ರಶಸ್ತಿ ಸಿನಿಮಾ ಹಾಡಿಗೇ ಬಂದದ್ದು, 'ಕಾಡು ಕುದುರೆ' ಚಿತ್ರಕ್ಕೆ. ಸಿನಿಮಾದ ಹಂಗಿಲ್ಲ ಅಂತ ಹೇಳುತ್ತಾ ಅದನ್ನೇ ಉದಾಹರಣೆ ಕೊಟ್ಟರಲ್ಲ!

ತೀರ್ಥಳ್ಳಿ_ಮಳೆ:
ಆಯ್ತು, ಆಯ್ತು. ನಗರ ನಿಮಗೇ ಇರಲಿ. ಆದರೆ ಆ ಹಾಡು ಬರೆದು ರಾಗ ಹಾಕಿದ್ದು ಕಂಬಾರರು. ಸಿನಿಮಾಕ್ಕೆ ಹೋದ ಜಾನಪದ ಅದು.

ಭದ್ರಾವತಿ_ಬಾಸ್:
ಭಾವಗೀತೆಗೂ ಈಗಿನವರಿಗೂ ಒಂದು ವ್ಯತ್ಯಾಸ ಇದೆ. ಅಲ್ಲಿ ಕವಿ ಬೇರೆ, ರಾಗ ಹಾಕುವವರು ಬೇರೆ, ಹಾಡುವವರು ಬೇರೆ. ಕವಿತೆ ಮೊದಲೇ ಪುಸ್ತಕದಲ್ಲಿ ಇದ್ದು ಜನರಿಗೆ ಗೊತ್ತಿರುತ್ತಿತ್ತು. ಈಗಿನ ಹುಡುಗಿ ಅಡಿಕೆ ಕೊಳೆರೋಗದ ಮೇಲೆ ತಾನೇ ಬರೆದ ಹಾಡನ್ನು ಮೊದಲ ಸಲ ಹಾಡುವಾಗ, ಕೇಳುವವರಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಪದ ಸರಿಯಾಗಿ ಕೇಳಿಸಲೇಬೇಕು. ಆದರೆ ನಮ್ಮ ಸಭಾಂಗಣಗಳಲ್ಲಿ ಪದ ಒಂದೂ ಕೇಳಿಸುವುದಿಲ್ಲ, ಬರೀ ಎಕೋ.

ಸೌಂಡ್ಸ್_ಅಣ್ಣ:
ಎಕೋ ಬಗ್ಗೆ ಬಂದಿರಲ್ಲ, ಈಗ ನಾನು ಮಾತಾಡಲೇಬೇಕು.

ಒಂದು. ಎಕೋ ಬೇಕು ಅಂತ ಕೇಳುವವರು ಹಾಡುವವರೇ. ಕಡಿಮೆ ಮಾಡಿದರೆ 'ಅಣ್ಣ, ಧ್ವನಿ ಒಣಗಿದ ಹಾಗೆ ಇದೆ' ಅನ್ನುತ್ತಾರೆ. ಖಾಲಿ ಸಭಾಂಗಣದಲ್ಲಿ ಗೋಡೆಯೇ ಗುಂಯ್ ಅನ್ನುತ್ತಿರುತ್ತದೆ, ಅದರ ಮೇಲೆ ನಾನೂ ಎಕೋ ಹಾಕಿದರೆ ಪದ ಹೇಗೆ ಕೇಳಿಸಬೇಕು?

ಎರಡು. ಯಾವ ವಾದ್ಯ, ಎಷ್ಟು ಮೈಕ್, ಎಷ್ಟು ಲೈನ್ ಅಂತ ಒಂದು ಪಟ್ಟಿ ಹಿಂದಿನ ದಿನ ಕಳಿಸಿ ಅಂತ ಬೇಡುತ್ತೇನೆ. ಬರುವುದು 'ನಾರ್ಮಲ್ ಸೆಟಪ್ ಸಾಕು ಅಣ್ಣ' ಅಂತ ಮೆಸೇಜು. ಬಂದು ನೋಡಿದರೆ ಎರಡು ಗಿಟಾರ್, ಕೂತು ಬಡಿಯುವ ಮರದ ಪೆಟ್ಟಿಗೆ ಕಹೋನ್, ಕೊಳಲು, ಒಂದು ಲ್ಯಾಪ್‌ಟಾಪ್, ಕೊನೆಗೆ ಒಂದು ಡೊಳ್ಳು. ಡೊಳ್ಳು ಯಾವ ದೇಶದ ನಾರ್ಮಲ್ ಸೆಟಪ್?

ಮೂರು. ಲ್ಯಾಪ್‌ಟಾಪ್ ಚಾರ್ಜರ್ ಹಾಕಿಕೊಂಡೇ ಲೈನ್ ಕೊಡುತ್ತಾರೆ. ಜುಂಯ್ ಅಂತ ಶಬ್ದ ಬರುತ್ತದೆ, ಬೈಗುಳ ನನಗೆ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ, ಬಹಳ ಸಲ ಅಷ್ಟಕ್ಕೇ ಹೋಗುತ್ತದೆ. ಇಲ್ಲವಾದರೆ ಡಿಐ ಬಾಕ್ಸ್ ತನ್ನಿ, ಲೈನಿನ ಜುಂಯ್ ತಡೆಯುವ ಚಿಕ್ಕ ಪೆಟ್ಟಿಗೆ ಅದು. ಸಂಜೆ ಐದಕ್ಕೆ ಕಾರ್ಯಕ್ರಮ ಇದ್ದರೆ ಮೂರಕ್ಕೆ ಬನ್ನಿ. ಐದೂಕಾಲಿಗೆ ಬಂದು 'ಚೆಕ್ ಚೆಕ್' ಅನ್ನಬೇಡಿ.

ತುಂಗೆ_ದಡ:
ಅಣ್ಣ, ಇದನ್ನು ಪ್ರಿಂಟ್ ಹಾಕಿ ಎಲ್ಲ ಕಾಲೇಜಿಗೂ ಅಂಟಿಸಬೇಕು.

ಸಾಗರದ_ಸಂಜೆ:
ಎಲ್ಲರೂ ವೇದಿಕೆ ಮೇಲಿನದ್ದೇ ಹೇಳುತ್ತಿದ್ದೀರಿ. ಕುರ್ಚಿಯಲ್ಲಿ ಕೂತವರ ಕಷ್ಟವನ್ನೂ ಕೇಳಿ.

ಪೋಸ್ಟರ್‌ನಲ್ಲಿ 5.30 ಅಂತ ಇರುತ್ತದೆ. ನಾವು 5.20ಕ್ಕೇ ಹೋಗಿ ಕೂರುತ್ತೇವೆ. ಆಮೇಲೆ ಸ್ವಾಗತ, ಪ್ರಾಸ್ತಾವಿಕ, ದೀಪ, ಹಾರ, ಶಾಲು, ಫಲತಾಂಬೂಲ. ಉದ್ಘಾಟಕರು ತಮ್ಮ ಬಾಲ್ಯದಿಂದ ಶುರು ಮಾಡುತ್ತಾರೆ. 'ನಾನು ನಿಮ್ಮ ಮತ್ತು ಸಂಗೀತದ ನಡುವೆ ನಿಲ್ಲುವುದಿಲ್ಲ' ಅಂತ ಹೇಳಿ ಅರ್ಧ ಗಂಟೆ ಅಲ್ಲೇ ನಿಲ್ಲುತ್ತಾರೆ. ಮೊದಲ ಹಾಡು ಶುರುವಾಗುವುದು ಏಳೂವರೆಗೆ. ಎಂಟಕ್ಕೆ ನಾನು ಎದ್ದು ಹೊರಡಬೇಕು, ಯಾಕೆಂದರೆ ನಮ್ಮ ಊರಿನ ಕಡೆಗೆ ಆಮೇಲೆ ಬಸ್ಸಿಲ್ಲ. ಹಾಡುತ್ತಿರುವ ಹುಡುಗಿ ನಾನು ಎದ್ದು ಹೋಗುವುದನ್ನು ನೋಡುತ್ತಾಳೆ. ಇಷ್ಟ ಆಗಲಿಲ್ಲ ಅಂದುಕೊಂಡಿರುತ್ತಾಳೆ ಪಾಪ.

ಬೈಕಿರುವ ಹುಡುಗರಿಗೆ ಇದು ತಲೆಗೇ ಹೋಗುವುದಿಲ್ಲ. ಹುಡುಗಿಯರು ಯಾಕೆ ಬರುವುದಿಲ್ಲ ಅಂತ ಆಮೇಲೆ ಚರ್ಚೆ ಬೇರೆ.

ಭದ್ರಾವತಿ_ಬಾಸ್:
ಮೇಡಂ, ನೂರಕ್ಕೆ ನೂರು. ಭಾನುವಾರ ನಾಲ್ಕಕ್ಕೆ ಶುರು, ಆರೂವರೆಗೆ ಮುಗಿತಾಯ. ಭಾಷಣ ಇಲ್ಲ. ಇಷ್ಟು ಮಾಡಿದರೆ ಜನ ದುಪ್ಪಟ್ಟು ಆಗುತ್ತಾರೆ.

ದುರ್ಗಿಗುಡಿ_ಕಾಫಿ:
ಭಾಷಣ ಇಲ್ಲದಿದ್ದರೆ ಸಭಾಂಗಣದ ಬಾಡಿಗೆ ಯಾರು ಕೊಡುತ್ತಾರೆ? ಹಾರ ಹಾಕಿಸಿಕೊಂಡವರೇ ಕೊಡುವುದು. ಹುಡುಗರೇನು ಜೇಬಿನಿಂದ ಹಾಕುತ್ತಾರಾ?

ಹೆಗ್ಗೋಡು_ದಾರಿ:
ಕಾಫಿಯವರು ಹೇಳಿದ್ದರಲ್ಲೇ ಸಮಸ್ಯೆಯ ಬೇರು ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಈ ಜಿಲ್ಲೆಯಲ್ಲಿ ಹಾರ ಹಾಕಿಸಿಕೊಳ್ಳುವವರಿಲ್ಲದೆ ಕಾರ್ಯಕ್ರಮ ನಡೆಸುವ ದಾರಿ ಗೊತ್ತಿಲ್ಲ ಅಂತ ಅಲ್ಲ. ನಾಟಕದಲ್ಲಿ ಅದನ್ನು ಮಾಡಿದ್ದಾರೆ. ನಾಟಕ ಸಂಸ್ಥೆ ನೀನಾಸಂ ಶುರುವಾದದ್ದು 1949ರಲ್ಲಿ, ಹೆಗ್ಗೋಡು ಅನ್ನುವ ಹಳ್ಳಿಯಲ್ಲಿ. 1985ರಿಂದ ತಿರುಗಾಟ ಹೊರಟಿತು. ಒಂದು ತಂಡ, ನಾಟಕಗಳು, ಸಾಮಾನೆಲ್ಲ ತಾವೇ ಹೊತ್ತು ಊರೂರಿಗೆ. ಊರಿನವರು ಊಟ, ವಸತಿ, ಜಾಗ ನೋಡಿಕೊಳ್ಳುತ್ತಾರೆ, ಜನರನ್ನು ಸೇರಿಸುತ್ತಾರೆ. ಇಷ್ಟು ವರ್ಷ ಹಾಗೆ ಓಡಾಡಿದ್ದಕ್ಕೆ ಎಷ್ಟೋ ಸಣ್ಣ ಊರುಗಳಲ್ಲಿ ಇವತ್ತಿಗೂ ಒಬ್ಬ ಮೇಷ್ಟ್ರೋ ಅಂಗಡಿಯವರೋ ಇದ್ದಾರೆ, ಫೋನ್ ಮಾಡಿದರೆ ಜಾಗ ತೋರಿಸುತ್ತಾರೆ, ನೂರು ಜನ ಕರೆಯುತ್ತಾರೆ. ಅಂಥವರ ಫೋನ್ ನಂಬರೇ ದೊಡ್ಡ ಆಸ್ತಿ.

ಸಂಗೀತದವರು ಆ ಊರುಗಳಿಗೆ ಹೋಗುವುದಿಲ್ಲ. ಶಿವಮೊಗ್ಗದಲ್ಲಿ ಕುವೆಂಪು ರಂಗಮಂದಿರವೇ ಬೇಕು, ಇಲ್ಲದಿದ್ದರೆ ನೇರ ಬೆಂಗಳೂರು. ಮೂರು ಜನರ ತಂಡಕ್ಕೆ ಅಷ್ಟು ದೊಡ್ಡ ಸಭಾಂಗಣ ಯಾಕೆ? ಎಂಬತ್ತು ಜನ ಬಂದರೂ ಖಾಲಿ ಹೊಡೆಯುತ್ತದೆ. ಅದೇ ಎಂಬತ್ತು ಜನ ಶಾಲೆಯ ಸಭಾಂಗಣದಲ್ಲೋ ಯಾರದೋ ಮನೆಯ ಅಂಗಳದಲ್ಲೋ ಕೂತರೆ ಜಾಗ ಸಾಲದು. ಅಡಿಕೆ ಸುಲಿಯುವ ಚಪ್ಪರದಲ್ಲಿ ಒಂದು ಸಂಜೆ ಮೈಕೇ ಇಲ್ಲದೆ ಹಾಡಿದ್ದನ್ನು ಕೇಳಿದ್ದೇನೆ. ಪದ ಪದವೂ ಕೇಳಿಸಿತು. ಸೌಂಡ್ಸ್ ಅಣ್ಣ ಬೇಜಾರು ಮಾಡಿಕೊಳ್ಳಬಾರದು.

ಸೌಂಡ್ಸ್_ಅಣ್ಣ:
ಬೇಜಾರಿಲ್ಲ. ಬಾಕ್ಸ್ ಹೊರುವುದು ತಪ್ಪಿತು.

ದುರ್ಗಿಗುಡಿ_ಕಾಫಿ:
ನೀನಾಸಂ ಹೆಸರು ಹೇಳಿದರೆ ಎಲ್ಲ ಮುಗಿಯಿತು ಅಲ್ವಾ? ಅದು ಸಂಸ್ಥೆ ಸ್ವಾಮಿ. ಹಿಂದೆ ಸುಬ್ಬಣ್ಣನವರಂಥವರು ಇದ್ದರು, ಮ್ಯಾಗ್ಸೆಸೆ ಬಂದವರು. ಕೋರಿಯರ್ ಕೆಲಸ ಮಾಡಿಕೊಂಡು ಸಂಜೆ ಗಿಟಾರ್ ಹಿಡಿಯುವ ಇಬ್ಬರು ಹುಡುಗರಿಗೆ ಅದನ್ನು ಮಾದರಿ ಅಂತ ತೋರಿಸಿದರೆ ಹೆದರಿ ಗಿಟಾರ್ ಮಾರುತ್ತಾರೆ.

ಹೊಸನಗರ_ಬಸ್ಸು:
ಇವರು ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ, ಮೇಲೆ ಬಂದವರು ನಮ್ಮ ಹಾಡುಗಾರ ಸುಬ್ಬಣ್ಣ. ಓದುವವರಿಗೆ ಗೊಂದಲ ಬೇಡ.

ಹೆಗ್ಗೋಡು_ದಾರಿ:
ಸಂಸ್ಥೆ ಕಟ್ಟಿ ಅಂತ ಹೇಳಲಿಲ್ಲ ಕಾಫಿಯವರೇ. ಕಟ್ಟಿದವರು ಹಾಕಿಕೊಟ್ಟ ದಾರಿಯಲ್ಲಿ ಪುಕ್ಕಟೆ ನಡೆಯಿರಿ ಅಂದೆ. ಸಾಗರ, ಹೊಸನಗರ, ತೀರ್ಥಹಳ್ಳಿ, ಕೊಪ್ಪ. ನಾಲ್ಕು ಊರು, ನಾಲ್ಕು ಭಾನುವಾರ, ಅದೇ ಎಂಟು ಹಾಡು. ನಾಲ್ಕನೇ ಊರಿಗೆ ಬರುವಷ್ಟರಲ್ಲಿ ಹಾಡು ತಾನೇ ಗಟ್ಟಿಯಾಗಿರುತ್ತದೆ. ಈಗಿನವರು ಒಂದು ಹಾಡನ್ನು ಒಮ್ಮೆ ಹಾಡಿ ಯೂಟ್ಯೂಬಿಗೆ ಹಾಕಿ ಮುಂದಿನದಕ್ಕೆ ಹೋಗುತ್ತಾರೆ. ನನಗೆ ಜಾಸ್ತಿ ಬೇಜಾರು ಅದರ ಬಗ್ಗೆ.

ಭದ್ರಾವತಿ_ಬಾಸ್:
ಇದು ನಿಜ. ಕೇಳುವವನಿಗೂ ಅಷ್ಟೇ. ಒಂದೇ ತಂಡವನ್ನು ಮೂರು ನಾಲ್ಕು ಕಡೆ ಕೇಳಿದಾಗಲೇ ರುಚಿ ಹತ್ತುವುದು. ಮೊದಲ ಸಲ ಅವಸರದಲ್ಲಿ ಓಡಿಸಿದ ಹಾಡನ್ನು ಆಮೇಲೆ ನಿಧಾನ ಮಾಡಿರುತ್ತಾರೆ. ಒಂದು ಚರಣ ಕಿತ್ತು ಹಾಕಿರುತ್ತಾರೆ. ಸಾಗರದ ಆ ಮೂವರು ಇದ್ದಾರಲ್ಲ, ಅವರ ಬಸ್‌ಸ್ಟ್ಯಾಂಡ್ ಹಾಡು ಮೊದಲು ಏಳು ನಿಮಿಷ ಇತ್ತು, ಈಗ ನಾಲ್ಕೇ. ಕಿತ್ತು ಹಾಕಿದ ಭಾಗ ಯಾವುದು ಅಂತ ನಮಗೆ ಕೆಲವರಿಗೆ ಮಾತ್ರ ಗೊತ್ತು!

ಸಾಗರದ_ಸಂಜೆ:
ಆ ಕಿತ್ತು ಹಾಕಿದ ಭಾಗವೇ ಚೆನ್ನಾಗಿತ್ತು. ಕಂಡಕ್ಟರ್ ಚಿಲ್ಲರೆ ಕೇಳುವ ಸಾಲು.

ಭದ್ರಾವತಿ_ಬಾಸ್:
ಅಯ್ಯೋ, ಅದನ್ನು ಕೇಳಿದವರು ಇನ್ನೊಬ್ಬರು ಸಿಕ್ಕಿದರು!

ನೋಟಿಸ್_ವಕೀಲ:
ನಡುವೆ ಬರುತ್ತಿದ್ದೇನೆ. ನಮ್ಮೂರಲ್ಲಿ ಪೊಲೀಸರು ಹತ್ತಕ್ಕೆ ನಿಲ್ಲಿಸುತ್ತಾರೆ ಅಂತ ಎಲ್ಲ ಕಡೆ ಗೊಣಗಾಟ ಕೇಳುತ್ತೇನೆ. ಅದು ಊರಿನ ನಿಯಮ ಅಲ್ಲ. ಕೇಂದ್ರದ ಶಬ್ದ ಮಾಲಿನ್ಯ ನಿಯಮಗಳು, 2000ನೇ ಇಸವಿಯವು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ರಾಜ್ಯ ಸರ್ಕಾರ 12ರವರೆಗೆ ಸಡಿಲಿಕೆ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ಆ ದಿನಗಳು ಯಾರ ಪಾಲಿಗೆ ಹೋಗುತ್ತವೆ ಅಂತ ನಿಮಗೇ ಗೊತ್ತು. ಹಗಲಲ್ಲೂ ಮಿತಿ ಇದೆ, ವಸತಿ ಪ್ರದೇಶಕ್ಕೆ 55 ಡೆಸಿಬಲ್. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ನೂರು ಮೀಟರ್ ಜಾಗವನ್ನು ಸರ್ಕಾರ ನಿಶ್ಶಬ್ದ ವಲಯ ಅಂತ ಘೋಷಿಸಬಹುದು. ಪರ್ಮಿಶನ್ ಕೇಳುವ ಮೊದಲು ಪಕ್ಕದಲ್ಲಿ ನರ್ಸಿಂಗ್ ಹೋಂ ಇದೆಯಾ ನೋಡಿಕೊಳ್ಳಿ.

ಹಳೇ_ಕೀಬೋರ್ಡ್:
ವಕೀಲರೇ, ಹಾಡಿನ ಲೈಸೆನ್ಸ್ ವಿಷಯ ಹೇಳಿ. ಸ್ವಂತ ಹಾಡಿಗೂ ದುಡ್ಡು ಕಟ್ಟಬೇಕು ಅಂತ ಒಬ್ಬರು ನಮ್ಮ ಹುಡುಗರನ್ನು ಹೆದರಿಸಿದ್ದಾರೆ.

ನೋಟಿಸ್_ವಕೀಲ:
ಹಾಡು ಪೂರ್ತಿ ನಿಮ್ಮದೇ ಆಗಿದ್ದು, ಹಕ್ಕನ್ನು ಬೇರೆ ಯಾರಿಗೂ ಬರೆದುಕೊಟ್ಟಿಲ್ಲ ಅಂದರೆ ನಿಮ್ಮ ಹಾಡಿಗೆ ನೀವೇ ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ. ಐಪಿಆರ್‌ಎಸ್‌ನಂಥ ಹಾಡು ಬರೆದವರ, ರಾಗ ಹಾಕಿದವರ ಹಕ್ಕು ನೋಡಿಕೊಳ್ಳುವ ಸಂಸ್ಥೆ ಲೈಸೆನ್ಸ್ ಕೊಡುವುದು ತನ್ನ ಸದಸ್ಯರ ಹಾಡುಗಳಿಗೆ. ಸಿನಿಮಾ ಹಾಡು ಹಾಡುವ ಟಿಕೆಟ್ ಕಾರ್ಯಕ್ರಮಕ್ಕೆ ಅದು ಬೇಕಾಗುತ್ತದೆ. ನೀವೇ ಸದಸ್ಯರಾಗಿ ಹಕ್ಕು ವಹಿಸಿಕೊಟ್ಟಿದ್ದರೆ ಆಗ ಲೆಕ್ಕ ಬೇರೆ, ಕಾಗದ ಓದಿಕೊಳ್ಳಿ.

ಕವಿತೆಗೆ ರಾಗ ಹಾಕುವವರೂ ಹುಷಾರು. ಕವಿ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ವಾರಸುದಾರರದ್ದು. ಶರೀಫರ ತತ್ವಪದ, ವಚನ ಹಾಡಿದರೆ ಆ ಚಿಂತೆ ಇಲ್ಲ. ಕುವೆಂಪು ತೀರಿಕೊಂಡಿದ್ದು 1994ರಲ್ಲಿ. ಲೆಕ್ಕ ನೀವೇ ಹಾಕಿ.

ತೀರ್ಥಳ್ಳಿ_ಮಳೆ:
ಅದಕ್ಕೇ ಎಲ್ಲರೂ ಶರೀಫರ ಹಿಂದೆ ಬಿದ್ದಿದ್ದಾರಾ!

ದುರ್ಗಿಗುಡಿ_ಕಾಫಿ:
ನನಗೆ ಇನ್ನೊಂದು ತಕರಾರು ಇದೆ. ಮಲೆನಾಡಿನ ತಂಡ ಅಂದ ಕೂಡಲೇ ಡೊಳ್ಳು ತಂದು ನಿಲ್ಲಿಸುತ್ತಾರೆ. ಅಂಟಿಗೆ ಪಂಟಿಗೆಯ ಎರಡು ಸಾಲು ಹಾಡಿ, ಆಮೇಲೆ ಗಿಟಾರ್ ಜುಂಯ್ ಅನ್ನಿಸಿ 'ನಮ್ಮ ಬೇರು' ಅನ್ನುತ್ತಾರೆ. ದೀಪಾವಳಿ ರಾತ್ರಿ ದೀಪ ಹಿಡಿದು ಮನೆಮನೆಗೆ ಹೋಗಿ ಹಾಡುವವರ ಹಿಂದೆ ಇವರು ಒಂದು ರಾತ್ರಿಯಾದರೂ ನಡೆದಿದ್ದಾರಾ?

ಹೊಸನಗರ_ಬಸ್ಸು:
ನಡೆದವರೂ ಇದ್ದಾರೆ. ನಮ್ಮ ಪಕ್ಕದ ಊರಿನ ಹುಡುಗ ಅಪ್ಪನ ಜೊತೆ ಹೋಗಿ ಹೋಗಿಯೇ ಹಾಡು ಕಲಿತದ್ದು. ಬೆಳಗಿನ ಜಾವದವರೆಗೆ ಕತ್ತಲಲ್ಲಿ, ಗದ್ದೆ ಬದುವಿನ ಮೇಲೆ. ಆದರೆ ಅವನು ವೇದಿಕೆ ಮೇಲೆ ಅದನ್ನು ಹಾಡುವುದಿಲ್ಲ. ಕೇಳಿದರೆ 'ಅದು ಅಲ್ಲಿನದ್ದು' ಅನ್ನುತ್ತಾನೆ. ಇಲ್ಲಿ ಅವನು ಹಾಡುವುದು ರ‍್ಯಾಪ್. ನೋಡಿದವರು ನಂಬುವುದಿಲ್ಲ.

ಆದರೆ ಎರಡರಲ್ಲೂ ಒಬ್ಬ ಹೇಳಿದ್ದನ್ನು ಹಿಂದಿನವರು ಎತ್ತಿಕೊಳ್ಳುವ ಕ್ರಮ ಒಂದೇ. ಅವನ ರ‍್ಯಾಪ್‌ನಲ್ಲಿ ಅದು ಸ್ಪಷ್ಟ ಕೇಳಿಸುತ್ತದೆ. ಡೊಳ್ಳು ತಂದು ನಿಲ್ಲಿಸುವ ಅಗತ್ಯ ಇಲ್ಲ.

ಸಾಗರದ_ಸಂಜೆ:
ಈ ಹುಡುಗನ ಕಾರ್ಯಕ್ರಮ ಯಾವಾಗ? ಇದಕ್ಕೇ ತಾನೇ ಈ ಚರ್ಚೆ ಶುರುವಾದದ್ದು?

ಹೊಸನಗರ_ಬಸ್ಸು:
ಮಳೆಗಾಲ ಮುಗಿಯಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಯಾರೂ ಏನೂ ಇಟ್ಟುಕೊಳ್ಳುವುದಿಲ್ಲ. ಕರೆಂಟಿಲ್ಲ, ರಸ್ತೆ ಮೇಲೆ ಮರ, ಕೇಳುವವರಿಗೆ ತೋಟದ ಔಷಧಿ ಹೊಡೆಯುವ ಗಡಿಬಿಡಿ.

ತೀರ್ಥಳ್ಳಿ_ಮಳೆ:
ಗಿಟಾರ್ ಇರುವವರಿಗೆ ಮಳೆಗಾಲ ದೊಡ್ಡ ಪೀಡೆ. ತಂತಿಗೆ ತುಕ್ಕು, ಚೀಲಕ್ಕೆ ಬೂಷ್ಟು, ಮರ ಉಬ್ಬಿ ತಂತಿ ಮೇಲೆದ್ದು ಬೆರಳು ಹರಿಯುತ್ತದೆ. ನಮ್ಮನೆಯಲ್ಲಿ ಬೆಚ್ಚಗಿರಲಿ ಅಂತ ಬಚ್ಚಲು ಒಲೆ ಹತ್ತಿರ ಇಡುತ್ತಾರೆ. ದಯವಿಟ್ಟು ಬೇಡ, ಬಿಸಿಗೆ ಅಂಟು ಬಿಡುತ್ತದೆ. ಗಟ್ಟಿ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿಡಿ. ಬಾರಿಸಿದ ಮೇಲೆ ತಂತಿ ಒರೆಸಿ.

ಭದ್ರಾವತಿ_ಬಾಸ್:
ಸರಿ, ಕೆಲಸದ ಮಾತಿಗೆ ಬರೋಣ. ಒಂದು ವಾಟ್ಸಾಪ್ ಚಾನೆಲ್ ಮಾಡುತ್ತೇನೆ. ಗ್ರೂಪ್ ಅಲ್ಲ, ಚಾನೆಲ್. ಗ್ರೂಪ್ ಆದರೆ ಎರಡನೇ ದಿನದಿಂದ ಶುಭೋದಯ ಶುರುವಾಗುತ್ತದೆ. ದಿನ, ಊರು, ಜಾಗ, ಮೊದಲ ಹಾಡು ನಿಜವಾಗಿ ಎಷ್ಟು ಹೊತ್ತಿಗೆ, ಕೊನೆಯ ಬಸ್ ಎಷ್ಟಕ್ಕೆ. ಇಷ್ಟೇ ಇರುತ್ತದೆ.

ಹಳೇ_ಕೀಬೋರ್ಡ್:
ಆರ್ಕೆಸ್ಟ್ರಾ ಹಾಕುತ್ತೀರಾ?

ತುಂಗೆ_ದಡ:
ನಡುವೆ ಒಂದು ಸ್ವಂತ ಹಾಡು ಹಾಡುತ್ತೀರಿ ಅಂದರೆ ಖಂಡಿತ ಹಾಕೋಣ ಸಾರ್. ಮುಂದಿನ ಸಾಲಲ್ಲಿ ಕೂತು ನಾನೇ ಚೀಟಿ ಕಳಿಸುತ್ತೇನೆ, 'ನಿಮ್ಮದೇ ಇನ್ನೊಂದು ಹಾಡಿ' ಅಂತ.

ಹಳೇ_ಕೀಬೋರ್ಡ್:
ನೂರರ ನೋಟು ಮರೆಯಬೇಡಿ.

ದುರ್ಗಿಗುಡಿ_ಕಾಫಿ:
ಚಾನೆಲ್‌ಗೆ ಸೇರುತ್ತೇನೆ. ಆದರೆ ಪ್ರತಿ ಕಾರ್ಯಕ್ರಮದಲ್ಲೂ ಡಬ್ಬ ಇಡಿ, ಇಲ್ಲವೇ ಯುಪಿಐ ಕೋಡ್ ಅಂಟಿಸಿ. ಪುಕ್ಕಟೆ ಪಾಸ್ ಹಂಚಿದರೆ ಅರ್ಧ ಜನ ಬರುವುದಿಲ್ಲ, ಬಂದವರು ಫೋನ್ ನೋಡುತ್ತಾರೆ. ಐವತ್ತು ರೂಪಾಯಿ ಕೊಟ್ಟವನು ಸುಮ್ನೆ ಕೂತು ಕೇಳುತ್ತಾನೆ.

ಸೌಂಡ್ಸ್_ಅಣ್ಣ:
ನನ್ನ ಬುಕಿಂಗ್‌ನಲ್ಲಿ ಸ್ವಂತ ಹಾಡಿನವರದ್ದು ಬಂದರೆ ಬಾಸ್‌ಗೆ ಕಳಿಸುತ್ತೇನೆ. ಮೊದಲು ಅವರನ್ನು ಕೇಳಿಯೇ ಹಾಕಬೇಕು, ಮನೆಯ ಕಾರ್ಯಕ್ರಮವೂ ಇರುತ್ತದೆ.

ಸಾಗರದ_ಸಂಜೆ:
ಅಣ್ಣ, ಈ ಭಾನುವಾರ ಸಾಗರದಲ್ಲಿ ನಿಮ್ಮದೇ ಸೆಟ್ ಅಂತ ಕೇಳಿದೆ. ಕರೆಂಟ್ ಹೋದರೆ ಜನರೇಟರ್ ಇದೆಯಾ?

ಸೌಂಡ್ಸ್_ಅಣ್ಣ:
ಇದೆ. ಡೀಸೆಲ್ ದುಡ್ಡು ಯಾರು ಕೊಡುವುದು ಅಂತ ತಂಡದವರು ಇನ್ನೂ ಜಗಳ ಆಡುತ್ತಿದ್ದಾರೆ. ನಾಲ್ಕಕ್ಕೇ ಬನ್ನಿ, ಭಾಷಣ ಒಂದೇ ಒಂದು ಇದೆಯಂತೆ.